ಪತ್ತಾಕಿನ ಬೆನ್ನ ಮೇಲಿನ ಇಸವಿ

ನೆಲ್ಯಹುದಿಕೇರಿಯಿಂದ ಕಾವೇರಿ ಸೇತುವೆ ದಾಟಿದರೆ ಸಿಗುವುದು ಸಿದ್ದಾಪುರ. ಸುತ್ತ ಎತ್ತ ನೋಡಿದರೂ ಕಾಫಿ. ಕಾಫಿಯ ನೆರಳಿಗೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಈ ಭಾಗದಲ್ಲಿ ಮದುವೆಯ ಮಾತುಕತೆ ನಡೆಯುವ ಮನೆಯಲ್ಲಾಗಲಿ, ಚಿನ್ನದಂಗಡಿಯಲ್ಲಾಗಲಿ ‘ಎಷ್ಟು ಗ್ರಾಂ?’ ಎನ್ನುವುದಕ್ಕಿಂತ ‘ಎಷ್ಟು ಪವನು?’ ಎನ್ನುವುದೇ ರೂಢಿ. ರಸೀತಿಯಲ್ಲಿ ಗ್ರಾಂ ಬರೆದಿದ್ದರೂ ಬಾಯಲ್ಲಿ ಪವನೇ. ಕೊಡವರು, ಅರೆಭಾಷೆ ಗೌಡರು, ಮಲಯಾಳಿಗಳು, ತಮಿಳರು, ಮನೆಮಾತು ಏನೇ ಇರಲಿ, ಈ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ. ಪವನು ಎಂದರೆ 8 ಗ್ರಾಂ.

ಈ ಎಂಟು ಗ್ರಾಂ ಎಲ್ಲಿಂದ ಬಂತು? ಎಂಟು ಎಂಬುದು ದುಂಡಗೆ ಮಾಡಿಕೊಂಡ ಲೆಕ್ಕ. ನಿಜವಾದ ತೂಕ 7.988 ಗ್ರಾಂ. ಅದು ಬ್ರಿಟನ್ನಿನ ಚಿನ್ನದ ನಾಣ್ಯ ‘ಸವರನ್’ನ ತೂಕ. ಒಂದು ಸವರನ್ ಎಂದರೆ ಒಂದು ಪೌಂಡ್. ಪೌಂಡ್ ಎಂಬ ಮಾತೇ ತಮಿಳಿನಲ್ಲಿ ಪವುನ್, ಮಲಯಾಳದಲ್ಲಿ ಪವನ್ ಆಗಿ, ಘಟ್ಟ ಹತ್ತಿ ಕೊಡಗಿಗೂ ದಕ್ಷಿಣ ಕನ್ನಡಕ್ಕೂ ಪವನಾಗಿ ಬಂತು. ನಾಣ್ಯ ಚಲಾವಣೆಯಿಂದ ಹೋಗಿ ಮುಕ್ಕಾಲು ಶತಮಾನಕ್ಕೂ ಮೀರಿದೆ. ತೂಕ ಉಳಿದುಕೊಂಡಿದೆ.

ನಾಣ್ಯವೂ ಪೂರ್ತಿ ಹೋಗಿಲ್ಲ. ಕೊಡವ ಹೆಣ್ಣುಮಗಳ ಕೊರಳಲ್ಲಿ ಅದು ಇಂದಿಗೂ ಇದೆ. ಮದುವೆಯ ಹಿಂದಿನ ದಿನ ತಾಯಿ ಮಗಳಿಗೆ ಕಟ್ಟುವ ಕರ್ತಮಣಿ ಪತ್ತಾಕ್ ಕೊಡವರ ಮುತ್ತೈದೆತನದ ಗುರುತು. ಕರಿಮಣಿ ಮತ್ತು ಚಿನ್ನದ ಗುಂಡುಗಳ ಸರದ ತುದಿಗೆ ತೂಗುವ ಪದಕವೇ ಪತ್ತಾಕ್. ನಡುವೆ ಒಂದು ಚಿನ್ನದ ನಾಣ್ಯ, ಸುತ್ತ ಕೆಂಪು ಕಲ್ಲುಗಳ ಸಾಲು, ನೆತ್ತಿಯ ಮೇಲೆ ಹೆಡೆಯೆತ್ತಿದ ನಾಗರ. ಹಳೆಯ ಪತ್ತಾಕುಗಳ ನಡುವೆ ಕೂತಿರುವುದು ಬಹುಮಟ್ಟಿಗೆ ವಿಕ್ಟೋರಿಯಾ ರಾಣಿ ಅಥವಾ ಆಕೆಯ ನಂತರದ ದೊರೆಗಳ ಸವರನ್. ಲಕ್ಷ್ಮಿಯ ಬಿಲ್ಲೆ ಇರುವ ಪತ್ತಾಕುಗಳೂ ಉಂಟು. ಈಚೆಗೆ ಮಾಡಿಸಿದವುಗಳಲ್ಲಿ ಅಕ್ಕಸಾಲಿಗನೇ ಅಚ್ಚೊತ್ತಿದ ರಾಣಿಯ ಬಿಲ್ಲೆಗಳೂ ಇರುತ್ತವೆ. ಹಾಗಾಗಿ ಎಲ್ಲ ಪತ್ತಾಕಿನಲ್ಲೂ ನಾಣ್ಯವಿದೆ ಎಂದುಕೊಳ್ಳುವಂತಿಲ್ಲ. ಇದ್ದರೆ ಅದಕ್ಕೊಂದು ಇಸವಿ ಇರುತ್ತದೆ. ಆ ಇಸವಿಯನ್ನು ಓದಿ ನೋಡಿದವರು ಮಾತ್ರ ಕಡಿಮೆ.

ಓದದಿರುವುದಕ್ಕೆ ಒಂದು ಕಾರಣವೂ ಇದೆ. ಪತ್ತಾಕಿನಲ್ಲಿ ರಾಣಿಯ ಮುಖ ಹೊರಗೆ, ನಾಣ್ಯದ ಬೆನ್ನು ಎದೆಗೆ. 1887ರ ನಂತರದ ಬಹುಪಾಲು ಸವರನ್‌ಗಳಲ್ಲಿ ಇಸವಿ ಇರುವುದು ಬೆನ್ನ ಮೇಲೆ, ಸಂತ ಜಾರ್ಜನು ಕುದುರೆಯೇರಿ ಡ್ರ್ಯಾಗನ್ನನ್ನು ತುಳಿಯುವ ಚಿತ್ರದ ಕೆಳಗೆ. ಹೀಗಾಗಿ ಧರಿಸಿದಾಕೆಗೂ ಕಾಣದು, ನೋಡುವವರಿಗೂ ಕಾಣದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದ ಆಭರಣದ ತೂಕ ಮನೆಯವರಿಗೆಲ್ಲ ಗೊತ್ತು. ಇಸವಿ ಯಾರಿಗೂ ಗೊತ್ತಿಲ್ಲ ಎಂಬ ಸ್ಥಿತಿ.

ಆದರೆ ನಾಣ್ಯ ಸಂಗ್ರಾಹಕರ ಲೋಕದಲ್ಲಿ ಇಸವಿಯೇ ಎಲ್ಲ. ಒಂದೇ ತೂಕ, ಒಂದೇ ಚಿನ್ನ, ಒಂದೇ ಚಿತ್ರ ಇರುವ ಎರಡು ಸವರನ್‌ಗಳಲ್ಲಿ ಒಂದಕ್ಕೆ ಚಿನ್ನದ ಬೆಲೆ ಮಾತ್ರ, ಇನ್ನೊಂದಕ್ಕೆ ಅದರ ಹತ್ತಾರು ಪಟ್ಟು ಬೆಲೆ. ವ್ಯತ್ಯಾಸ ಒಂದು ಅಂಕಿಯಲ್ಲಿರಬಹುದು, ಅಥವಾ ಸಾಸಿವೆ ಕಾಳಿಗಿಂತ ಸಣ್ಣದಾದ ಒಂದು ಅಕ್ಷರದಲ್ಲಿ.

ಕೊಡಗಿನ ಮಟ್ಟಿಗೆ ಬ್ರಿಟಿಷ್ ನಾಣ್ಯದ ಕಥೆ 1834ರಿಂದ ಶುರುವಾಗುತ್ತದೆ. ಆ ವರ್ಷ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಅದಕ್ಕೆ ಮುಂಚೆ ಇಲ್ಲಿ ಓಡಾಡುತ್ತಿದ್ದುದು ಕಂಠೀರಾಯ ಹಣ, ವೀರರಾಯ ಹಣದಂಥ ಪುಟ್ಟ ಚಿನ್ನದ ನಾಣ್ಯಗಳು. ಉಗುರಿನ ಮೇಲೆ ಇಟ್ಟರೆ ಊದಿದರೆ ಹಾರಿಹೋಗುವಷ್ಟು ಚಿಕ್ಕವು. ಹತ್ತು ಕಂಠೀರಾಯ ಹಣಕ್ಕೆ ಒಂದು ವರಹ. ಆ ವರಹಕ್ಕೆ 2 ರೂಪಾಯಿ 14 ಆಣೆ 8 ಕಾಸು ಎಂಬುದು ಕಂಪನಿಯವರ ಲೆಕ್ಕ. ಮರುವರ್ಷವೇ, 1835ರಲ್ಲಿ, ಕಂಪನಿ ತನ್ನ ಆಳ್ವಿಕೆಯ ನಾಡಿಗೆಲ್ಲ ಒಂದೇ ರೂಪಾಯಿ ಎಂಬ ಕಾನೂನು ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ.

ನಾಣ್ಯ ಎಂಬುದು ಕೇವಲ ಲೋಹದ ವಿಷಯವಲ್ಲ ಎಂಬುದು ಕೊಡಗಿನ ಸೀಮೆಗೆ ಬೇಗನೆ ಗೊತ್ತಾಯಿತು. ಅರಸರ ಕಾಲದಲ್ಲಿ ಸುಳ್ಯದ ಕಡೆಯ ರೈತರು ಕಂದಾಯವನ್ನು ಭತ್ತದ ರೂಪದಲ್ಲಿ ಕೊಡುವುದಿತ್ತು. ಆ ಮಾಗಣೆಗಳು ಕೊಡಗಿನಿಂದ ಬೇರ್ಪಟ್ಟು ದಕ್ಷಿಣ ಕನ್ನಡಕ್ಕೆ ಸೇರಿದ ಮೇಲೆ ನಗದೇ ಬೇಕು ಎಂದಿತು ಕಂಪನಿ. ಕೈಯಲ್ಲಿ ಭತ್ತವಿದ್ದೂ ರೂಪಾಯಿ ಇಲ್ಲದವನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರ ಅಮರಸುಳ್ಯದ ದಂಗೆಗೆ ಇದೂ ಒಂದು ಕಾರಣ. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನು ಹಂಚಿತು. ಚಿನ್ನದವು 44, ಬೆಳ್ಳಿಯವು 300 ಎಂದು ಪದಕಗಳ ಕೈಪಿಡಿಗಳಲ್ಲಿ ಲೆಕ್ಕವಿದೆ. ಒಂದು ಮುಖದಲ್ಲಿ ಕೋವಿ ಹಿಡಿದ ಕೊಡವ ಯೋಧ, ಸುತ್ತ ಕನ್ನಡದ ಬರಹ. ಇನ್ನೊಂದು ಮುಖದಲ್ಲಿ ಕತ್ತಿ, ಇಂಗ್ಲಿಷ್ ಬರಹ. ಕನ್ನಡ ಲಿಪಿ ಹೊತ್ತ ಬ್ರಿಟಿಷ್ ಪದಕಗಳು ಬೆರಳೆಣಿಕೆಯವು. ಆ ಕಾರಣಕ್ಕೇ ಇದು ಇಂದು ಲಂಡನ್ನಿನ ಹರಾಜಿನಲ್ಲಿ ಬಂದರೆ ಸುದ್ದಿ. ಯಾರ ವಿರುದ್ಧ, ಯಾತಕ್ಕಾಗಿ ಕೊಟ್ಟ ಪದಕ ಎಂಬುದನ್ನು ಹರಾಜಿನ ಪಟ್ಟಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಚಿನ್ನದ ಸವರನ್ ಈ ಕಡೆ ತಲೆಹಾಕಿದ್ದು ಸ್ವಲ್ಪ ತಡವಾಗಿ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ ಮೊದಲ ಕಾಫಿ ತೋಟ ಹಾಕಿದ. ಆ ಮೇಲೆ ಕೊಡಗಿನ ಕಾಡು ತೋಟವಾಗುತ್ತ ಹೋಯಿತು. ಕಾಫಿ ಬೀಜ ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿದು ಲಂಡನ್ನಿನ ಮಾರುಕಟ್ಟೆ ಸೇರತೊಡಗಿತು. ಆದರೂ ಕೂಲಿಯವನ ಕೈಗೆ ಬರುತ್ತಿದ್ದುದು ಬೆಳ್ಳಿ ರೂಪಾಯಿ, ತಾಮ್ರದ ಕಾಸು. ಸವರನ್‌ಗೆ ಭಾರತದಲ್ಲಿ ಕಾನೂನಿನ ಮನ್ನಣೆ ಸಿಕ್ಕಿದ್ದು 1899ರಲ್ಲಿ. ಒಂದು ಸವರನ್‌ಗೆ 15 ರೂಪಾಯಿ ಎಂದು ಸರ್ಕಾರ ನಿಗದಿ ಮಾಡಿತು. ಅಲ್ಲಿಂದ ಮುಂದಿನ ಹದಿನೈದು ವರ್ಷಗಳಲ್ಲಿ ಈ ನಾಣ್ಯಗಳು ಭಾರತಕ್ಕೆ ಹೊಳೆಯಂತೆ ಹರಿದುಬಂದವು. ಲಂಡನ್ನಿನಿಂದ ಮಾತ್ರವಲ್ಲ, ಆಸ್ಟ್ರೇಲಿಯಾದಿಂದಲೂ ಈಜಿಪ್ಟಿನಿಂದಲೂ ಹಡಗಿನಲ್ಲಿ ಬಂದವು. ಬಂದವು ಚಲಾವಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಂತೆಯಲ್ಲಿ ಹದಿನೈದು ರೂಪಾಯಿಯ ಸಾಮಾನು ಕೊಳ್ಳುವವರು ಎಷ್ಟು ಮಂದಿ? ನಾಣ್ಯ ನೇರ ಪೆಟ್ಟಿಗೆಗೆ, ಅಲ್ಲಿಂದ ಅಕ್ಕಸಾಲಿಗನ ಮನೆಗೆ ಹೋಯಿತು. ಪತ್ತಾಕಾಯಿತು, ಪವನಿನ ಸರವಾಯಿತು, ಕಾಸುಮಾಲೆಯಾಯಿತು.

ಸವರನ್‌ನ ಬೆನ್ನು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಅದು ಯಾವ ದಾರಿಯಲ್ಲಿ ಬಂತು ಎಂಬುದೂ ಗೊತ್ತಾಗುತ್ತದೆ. ಕುದುರೆಯ ಕಾಲಡಿಯ ನೆಲದ ಗೆರೆಯ ಮಧ್ಯೆ, ಇಸವಿಗಿಂತ ತುಸು ಮೇಲೆ, ಒಂದು ಸಣ್ಣ ಅಕ್ಷರವಿದ್ದೀತು. ಇಂಗ್ಲಿಷಿನ ‘ಎಸ್’ ಇದ್ದರೆ ಸಿಡ್ನಿ ಟಂಕಸಾಲೆ, ‘ಎಂ’ ಇದ್ದರೆ ಮೆಲ್ಬರ್ನ್, ‘ಪಿ’ ಇದ್ದರೆ ಪರ್ತ್, ‘ಸಿ’ ಇದ್ದರೆ ಕೆನಡಾದ ಒಟ್ಟಾವ, ‘ಎಸ್‌ಎ’ ಇದ್ದರೆ ದಕ್ಷಿಣ ಆಫ್ರಿಕದ ಪ್ರಿಟೋರಿಯ. ಏನೂ ಇಲ್ಲದಿದ್ದರೆ ಲಂಡನ್. ಇನ್ನು ‘ಐ’ ಇದ್ದರೆ? ಅದು ನಮ್ಮದೇ ಮುಂಬಯಿ.

ಮುಂಬಯಿಯಲ್ಲಿ ಸವರನ್ ಮುದ್ರಿಸುವ ಯೋಚನೆ 1900ರ ಹೊತ್ತಿಗೇ ಇತ್ತು. ಆಗ ಕೆಲಸ ಕೂಡಿಬರಲಿಲ್ಲ. ಲಂಡನ್ನಿನ ಖಜಾನೆಯವರು ತಕರಾರು ತೆಗೆಯುತ್ತ ಹೋದರು. ಅಷ್ಟರಲ್ಲಿ ಕೋಲಾರದ ಚಿನ್ನದ ಗಣಿ ಕಂಪನಿಗಳು ತಮ್ಮ ಚಿನ್ನವನ್ನು ಇಂಗ್ಲೆಂಡಿನಲ್ಲೇ ಮಾರುವ ಕರಾರು ಮಾಡಿಕೊಂಡವು. ಕೋಲಾರದ ಚಿನ್ನ ಇಲ್ಲದ ಮೇಲೆ ಮುಂಬಯಿಯಲ್ಲಿ ಟಂಕಿಸುವುದೇನನ್ನು? ಯೋಜನೆ ಮೂಲೆ ಸೇರಿತು. ಕನ್ನಡ ನೆಲದ ಚಿನ್ನ ಸಾಗರ ದಾಟಿ ಹೋಗಿ, ನಾಣ್ಯದ ರೂಪದಲ್ಲಿ ಹಡಗೇರಿ ಮರಳುತ್ತಿದ್ದುದೂ ಇದ್ದೀತು.

ಮೊದಲ ಮಹಾಯುದ್ಧ ಈ ಯೋಜನೆಗೆ ಮರುಜೀವ ಕೊಟ್ಟಿತು. 1918ರಲ್ಲಿ ಬೆಳ್ಳಿಗೆ ಬರ ಬಂದು, ನೋಟು ಹಿಡಿದು ಬಂದವರಿಗೆಲ್ಲ ರೂಪಾಯಿ ಕೊಡುವುದು ಸರ್ಕಾರಕ್ಕೆ ಕಷ್ಟವಾಯಿತು. ಕೈಯಲ್ಲಿದ್ದ ಚಿನ್ನವನ್ನೇ ನಾಣ್ಯ ಮಾಡಲು ಹೊರಟರು. ಲಂಡನ್ನಿನಿಂದ ಸವರನ್ ಅಚ್ಚುಗಳು ಬರುವುದು ತಡವಾದ್ದರಿಂದ ಮೊದಲು ಮುಂಬಯಿಯಲ್ಲಿ 15 ರೂಪಾಯಿಯ ಚಿನ್ನದ ಮೊಹರನ್ನು ಹೊಡೆದರು. ಅದೇ ತೂಕ, ಅದೇ ಮಚ್ಚ. ಬೆನ್ನ ಮೇಲೆ ಸಂತ ಜಾರ್ಜನ ಬದಲು ಬಳ್ಳಿಯ ಚಿತ್ತಾರ. ಸುಮಾರು 21 ಲಕ್ಷ ಮೊಹರುಗಳಾದವು. ಆಗಸ್ಟಿನಲ್ಲಿ ಅಚ್ಚು ಬಂತು. ಅಲ್ಲಿಂದ 1919ರ ಏಪ್ರಿಲ್‌ವರೆಗೆ ಸುಮಾರು 13 ಲಕ್ಷ ಸವರನ್‌ಗಳನ್ನು ಮುದ್ರಿಸಿದರು. ಮುದ್ರಣ ಎರಡು ವರ್ಷಕ್ಕೆ ಹರಡಿದ್ದರೂ ಎಲ್ಲದರ ಮೇಲೂ 1918 ಎಂದೇ ಇದೆ. ನಂತರ ಮುಂಬಯಿಯ ಶಾಖೆ ಮುಚ್ಚಿತು. ಇಡೀ ಬ್ರಿಟಿಷ್ ಕಾಲದಲ್ಲಿ ಭಾರತದ ಹೆಸರು ಹೊತ್ತ ಸವರನ್ ಈ ಒಂದೇ ಇಸವಿಯದು.

ಹಾಗಾದರೆ ಅದು ಬಹಳ ಅಪರೂಪದ್ದಿರಬೇಕಲ್ಲ? ಅಲ್ಲ. ಇಲ್ಲೇ ಈ ಹವ್ಯಾಸದ ಮೊದಲ ಪಾಠ ಇರುವುದು. ಎಷ್ಟು ಮುದ್ರಿಸಿದರು ಎಂಬುದಕ್ಕೂ ಎಷ್ಟು ಉಳಿದಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. 1917ರಲ್ಲಿ ಲಂಡನ್ನಿನಲ್ಲಿ ಹತ್ತು ಲಕ್ಷಕ್ಕೂ ಮೀರಿ ಸವರನ್ ಮುದ್ರಿಸಿದರು. ಅವು ಜನರ ಕೈಗೆ ಹೋಗಲಿಲ್ಲ. ಯುದ್ಧದ ಖರ್ಚಿಗೆಂದು ಬಹುಪಾಲು ಅಮೆರಿಕಕ್ಕೆ ಹೋಗಿ ಗಟ್ಟಿಯಾಗಿ ಕರಗಿದವು. ಇಂದು ಟಂಕಸಾಲೆಯ ಅಕ್ಷರವಿಲ್ಲದ 1917ರ ಸವರನ್ ಸಿಕ್ಕರೆ ಸಂಗ್ರಾಹಕ ನಿದ್ದೆಗೆಡುತ್ತಾನೆ. 1920ರ ಸಿಡ್ನಿ ನಾಣ್ಯದ್ದು ಇನ್ನೂ ವಿಚಿತ್ರ. ದಾಖಲೆಯಲ್ಲಿ ಲಕ್ಷಗಟ್ಟಲೆ, ಕಣ್ಣಿಗೆ ಕಂಡಿರುವುದು ಕೆಲವೇ ಕೆಲವು. ಮುಂಬಯಿಯ 1918 ಮಾತ್ರ ಈಗಲೂ ಸುಲಭವಾಗಿ ಸಿಗುತ್ತದೆ. ಏಕೆಂದರೆ ಅದು ಬ್ಯಾಂಕಿನ ನೆಲಮಾಳಿಗೆಗೆ ಹೋಗದೆ ಹೆಂಗಸರ ಪೆಟ್ಟಿಗೆಗೆ ಹೋಯಿತು. ದೊಡ್ಡ ಬ್ಯಾಂಕುಗಳು ಕರಗಿಸಿದ್ದನ್ನು ಮನೆಯ ಪೆಟ್ಟಿಗೆಗಳು ಕಾಪಾಡಿದವು ಎನ್ನಬೇಕು. ಅದರ ಜೊತೆಗಾರ 15 ರೂಪಾಯಿಯ ಮೊಹರಿಗೆ ಆ ಅದೃಷ್ಟ ಇರಲಿಲ್ಲ; ಸಂಖ್ಯೆಯಲ್ಲಿ ಹೆಚ್ಚಿದ್ದರೂ ಬಹುಪಾಲು ಮತ್ತೆ ಮೂಸೆ ಸೇರಿದ್ದರಿಂದ ಇಂದು ಅದಕ್ಕೆ ಬೆಲೆ ಹೆಚ್ಚು.

ವಿಕ್ಟೋರಿಯಾ ರಾಣಿಯ ಸವರನ್‌ಗಳನ್ನು ಗುರುತಿಸುವುದು ಕಷ್ಟವಲ್ಲ. ಆಕೆಗೆ ಮೂರು ಮುಖ. 1838ರಿಂದ 1887ರವರೆಗೆ ತಲೆಗೂದಲನ್ನು ಪಟ್ಟಿಯಿಂದ ಕಟ್ಟಿದ ಎಳೆಯ ಮುಖ. ಕೆತ್ತಿದವನು ವಿಲಿಯಂ ವಯನ್. ರಾಣಿ ಅರವತ್ತು ದಾಟಿದರೂ ನಾಣ್ಯದಲ್ಲಿ ಹತ್ತೊಂಬತ್ತೇ ಇತ್ತು. ಆಳ್ವಿಕೆಯ ಐವತ್ತನೆಯ ವರ್ಷ, 1887ರಲ್ಲಿ, ಮುಖ ಬದಲಾಯಿತು. ಹೊಸದರಲ್ಲಿ ಕಿರೀಟ ತೀರಾ ಚಿಕ್ಕದು, ಈಗಲೋ ಆಗಲೋ ಬಿದ್ದುಹೋಗುವಂತಿದೆ ಎಂದು ಇಂಗ್ಲೆಂಡಿನವರೇ ನಕ್ಕರು. 1893ರಿಂದ 1901ರವರೆಗೆ ಮುಸುಕು ಹೊದ್ದ ವೃದ್ಧೆಯ ಮುಖ. ಎಳೆಯ ಮುಖದ ನಾಣ್ಯಗಳಲ್ಲಿ ಮತ್ತೆ ಎರಡು ಬಗೆ. 1871ಕ್ಕೆ ಮುಂಚೆ ಬೆನ್ನ ಮೇಲೆ ಸಂತ ಜಾರ್ಜನಿಲ್ಲ, ರಾಜಲಾಂಛನದ ಗುರಾಣಿ ಇದೆ. 1871ರ ನಂತರ 1887ರವರೆಗೆ ಎರಡೂ ಬಗೆಯವು ಒಟ್ಟಿಗೆ ಬಂದವು. ಗುರಾಣಿಯ ನಾಣ್ಯದಲ್ಲಿ ಇಸವಿ ಮುಂಬದಿಯಲ್ಲಿ, ರಾಣಿಯ ಕೊರಳ ಕೆಳಗೆ ಇರುತ್ತದೆ. ಅಂಥದ್ದು ಪತ್ತಾಕಿನಲ್ಲಿ ಕೂತಿದ್ದರೆ ಬಿಚ್ಚದೆಯೇ ಓದಬಹುದು.

ಗುರಾಣಿಯ ಸವರನ್‌ಗಳಲ್ಲಿ ಹುಡುಕಾಟಕ್ಕೆ ಕೊನೆಯಿಲ್ಲ. 1863ರಿಂದ 1874ರವರೆಗೆ ಲಂಡನ್ ಟಂಕಸಾಲೆ ಪ್ರತಿ ಅಚ್ಚಿಗೂ ಒಂದು ಅಂಕಿ ಕೊಟ್ಟು, ಅದನ್ನು ಗುರಾಣಿಯ ಕೆಳಗಿನ ಹೂವಿನ ಮೇಲೆ ಸಣ್ಣಗೆ ಕೆತ್ತುತ್ತಿತ್ತು. ಯಾವ ಅಚ್ಚು ಎಷ್ಟು ನಾಣ್ಯ ಹೊಡೆದು ಸವೆಯಿತು ಎಂದು ತಿಳಿಯಲು ಮಾಡಿಕೊಂಡ ಏರ್ಪಾಡು ಅದು. ಕಾರ್ಖಾನೆಯ ಒಳಗಿನ ಲೆಕ್ಕ ಈಗ ಹೊರಗಿನವರ ಹುಚ್ಚಾಗಿದೆ. ಒಂದೇ ಇಸವಿಯ ನಾಣ್ಯಗಳನ್ನು ಅಚ್ಚಿನ ಅಂಕಿಯ ಪ್ರಕಾರ ಕೂಡಿಸುವವರಿದ್ದಾರೆ. 1859ರದ್ದು ಇನ್ನೊಂದು ಕಥೆ. ಆ ವರ್ಷ ಟಂಕಸಾಲೆಗೆ ಬಂದ ಒಂದಷ್ಟು ಚಿನ್ನ ಹಪ್ಪಳದಂತೆ ಮುರಿಯುತ್ತಿತ್ತು. ಕರಗಿಸಿ ಹಿಂದಕ್ಕೆ ಕಳಿಸುವುದೆಂದು ನಿಶ್ಚಯವಾಗಿದ್ದಾಗ ಜಾರ್ಜ್ ಆನ್ಸೆಲ್ ಎಂಬ ಸಿಬ್ಬಂದಿ ಅದರಿಂದಲೇ ನಾಣ್ಯ ಮಾಡಿ ತೋರಿಸಿದ. ಗುರುತಿಗಾಗಿ ರಾಣಿಯ ತಲೆಯ ಹಿಂದಿನ ಪಟ್ಟಿಯ ಮೇಲೆ ಒಂದು ಗೆರೆ ಹೆಚ್ಚಾಗಿದೆ. ಈ ಒಂದು ಗೆರೆಗೆ ಸಂಗ್ರಾಹಕರು ಚಿನ್ನದ ಎಷ್ಟೋ ಪಟ್ಟು ತೆರುತ್ತಾರೆ. 1819ರ ಇಸವಿಯದ್ದಂತೂ ಮುದ್ರಿಸಿದ್ದೇ ಮೂರೂವರೆ ಸಾವಿರ ಚಿಲ್ಲರೆ. ಅಂಥದ್ದು ಇತ್ತ ಕಡೆ ಸಿಗುವ ಆಸೆ ಇಟ್ಟುಕೊಳ್ಳುವುದು ಬೇಡ.

ಚಿನ್ನ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಬೆಳ್ಳಿ ರೂಪಾಯಿಯಾದರೋ ಹಿಂದೆ ಬಡವರ ಮನೆಯಲ್ಲೂ ಒಂದೆರಡು ಇರುತ್ತಿತ್ತು. ಅದರಲ್ಲಿ ನೋಡುವಂಥದ್ದು ಸವರನ್‌ಗಿಂತ ಕಡಿಮೆಯೇನಲ್ಲ. ಉದಾಹರಣೆಗೆ 1862 ಎಂಬ ಇಸವಿಯ ರೂಪಾಯಿ ಇಷ್ಟೊಂದು ಯಾಕೆ ಸಿಗುತ್ತದೆ? ಆ ಇಸವಿಯನ್ನು ಹನ್ನೆರಡು ವರ್ಷ ಬದಲಿಸದೇ ಮುದ್ರಿಸಿದರು. ಹಳೆಯ ಇಸವಿಯ ರೂಪಾಯಿಗೆ ಸರಾಫರು ವಟ್ಟ ಕತ್ತರಿಸುವ ಚಾಳಿ ಈ ದೇಶದಲ್ಲಿ ಹಿಂದಿನಿಂದ ಇತ್ತು. ಇಸವಿ ಬದಲಾಗದಿದ್ದರೆ ವಟ್ಟಕ್ಕೆ ನೆಪವೂ ಇಲ್ಲ. ಆದರೆ ಟಂಕಸಾಲೆಗೆ ತನ್ನ ಲೆಕ್ಕ ಬೇಕಲ್ಲ? ಅದಕ್ಕಾಗಿ ಇಸವಿಯ ಕೆಳಗೂ, ಮೇಲೆ ಹೂಬಳ್ಳಿಯ ನಡುವೆಯೂ ಸಣ್ಣ ಚುಕ್ಕಿಗಳನ್ನು ಸೇರಿಸುತ್ತ ಹೋದರು. ಒಂದು ಚುಕ್ಕಿಗೆ ಒಂದು ವರ್ಷ ಎಂಬಂತೆ ಅದೊಂದು ಗುಟ್ಟಿನ ಪಂಚಾಂಗ. ಎಷ್ಟೋ ಕಾಲ ಯಾರೂ ಈ ಚುಕ್ಕಿಗಳನ್ನು ಗಮನಿಸಿರಲಿಲ್ಲ. ಈಗ 1862ರ ಒಂದು ಹಿಡಿ ರೂಪಾಯಿ ಸಿಕ್ಕರೆ ಬಲ್ಲವರು ಮೊದಲು ಎಣಿಸುವುದು ಚುಕ್ಕಿಗಳನ್ನು. ಅದಕ್ಕೂ ಹಿಂದಿನ 1840ರ ಕಂಪನಿ ರೂಪಾಯಿಯಲ್ಲಿ ಎಣಿಸಬೇಕಾದ್ದು ಹಿಂಬದಿಯ ಹಾರದಲ್ಲಿರುವ ಕಾಯಿಗಳನ್ನು. ಜೊತೆಗೆ ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಾಲಾಗಿ ಹರಿದಿದೆಯೋ, ತಲೆಯ ಎರಡೂ ಬದಿಗೆ ಒಡೆದಿದೆಯೋ ನೋಡಬೇಕು.

1911ರ ರೂಪಾಯಿಯ ಕಥೆ ಹಲವರಿಗೆ ಗೊತ್ತು. ಐದನೆಯ ಜಾರ್ಜ್ ದೊರೆಯ ಎದೆಯ ಮೇಲಿನ ಪದಕದಲ್ಲಿ ಆನೆಯ ಚಿತ್ರವಿತ್ತು. ಸೊಂಡಿಲು ಮೋಟು, ಕಾಲು ಗಿಡ್ಡ. ಜನರ ಕಣ್ಣಿಗೆ ಅದು ಹಂದಿಯಾಯಿತು. ಮುಸ್ಲಿಮರಿಗೆ ಇದು ಸಹಜವಾಗಿಯೇ ನೋವಿನ ಸಂಗತಿ. ಸರ್ಕಾರ ಗಾಬರಿಗೊಂಡು ಉಳಿದ ನಾಣ್ಯಗಳನ್ನು ತಡೆಹಿಡಿದು ಕರಗಿಸಿತು, 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಕೊಟ್ಟಿತು. 1939ರ ರೂಪಾಯಿ ಇದಕ್ಕಿಂತ ಅಪರೂಪ. ಯುದ್ಧ ಶುರುವಾದ ವರ್ಷ ಅದು. ಹೊರಗೆ ಬಂದದ್ದು ಅತ್ಯಲ್ಪ. 1940ರಿಂದ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, 1947ರ ಹೊತ್ತಿಗೆ ಬೆಳ್ಳಿಯೇ ಇಲ್ಲ, ಬರೀ ನಿಕಲ್. ತಾಮ್ರಕ್ಕೂ ತತ್ವಾರ ಬಂದು 1943ರಲ್ಲಿ ಕಾಸಿನ ನಡುವೆ ತೂತು ಬಿದ್ದಿತು. ಆ ತೂತಿಗೆ ದಾರ ಪೋಣಿಸಿ ಮಕ್ಕಳ ಉಡಿದಾರಕ್ಕೆ ಕಟ್ಟಿದವರುಂಟು.

ಇಷ್ಟೆಲ್ಲ ಓದಿದ ಮೇಲೆ ಮನೆಯ ಪೆಟ್ಟಿಗೆ ತೆಗೆಯುವ ಮುನ್ನ ಒಂದೆರಡು ಎಚ್ಚರಿಕೆಯ ಮಾತು ಅಗತ್ಯ. ಹಳೆಯ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ಫಳಫಳ ಹೊಳೆಯುವಂತೆ ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಎರಡನೆಯದಾಗಿ, ಕೊಂಡಿ ಬೆಸೆದ ನಾಣ್ಯ ಎಷ್ಟೇ ಅಪರೂಪದ ಇಸವಿಯದಾದರೂ ಅದರ ಬೆಲೆ ಇಳಿಯುತ್ತದೆ. ಬೆಸುಗೆಯ ಶಾಖ ಅಂಚನ್ನು ತಿಂದಿರುತ್ತದೆ. ಪತ್ತಾಕಿನಂತೆ ಸುತ್ತುಪಟ್ಟಿಯ ಒಳಗೆ ಕೂರಿಸಿದ್ದರೆ ಹಾನಿ ಕಡಿಮೆ ಇರಬಹುದು. ಹಾಗೆಂದು ನಾಣ್ಯಕ್ಕಾಗಿ ನೂರು ವರ್ಷದ ಪತ್ತಾಕನ್ನು ಒಡೆಯುವುದು ಜಾಣತನವಲ್ಲ. ಕೊಡಗಿನ ಅಕ್ಕಸಾಲಿಗನ ಕೆಲಸವನ್ನು ಲಂಡನ್ ಟಂಕಸಾಲೆಯ ಯಾವ ಇಸವಿಯೂ ತುಂಬಿಕೊಡಲಾರದು.

ಖೋಟಾ ನಾಣ್ಯಗಳದ್ದು ದೊಡ್ಡ ಕಾಟ. ಸವರನ್ ಮಟ್ಟಿಗೆ ಇದರ ಕಥೆ ಸ್ವಾರಸ್ಯದ್ದು. ಎರಡನೆಯ ಮಹಾಯುದ್ಧದ ನಂತರ ಇಟಲಿಯ ಮಿಲಾನ್ ನಗರದಲ್ಲಿ ಜೋಸ್ ಬೆರಾಹ ಎಂಬಾತ ಸವರನ್ ತಯಾರಿಸತೊಡಗಿದ. ಚಿನ್ನದಲ್ಲಿ ಮೋಸವಿಲ್ಲ, ತೂಕದಲ್ಲೂ ಮೋಸವಿಲ್ಲ. ಸವರನ್‌ಗೆ ಚಿನ್ನದ ಬೆಲೆಗಿಂತ ಹೆಚ್ಚು ಬೇಡಿಕೆ ಇದ್ದುದರಿಂದ ಆ ಅಂತರವೇ ಅವನ ಲಾಭ. ಸ್ವಿಟ್ಜರ್ಲೆಂಡಿಗೆ ಹೋದ ಅವನನ್ನು ಹಿಡಿದು ನ್ಯಾಯಾಲಯಕ್ಕೆ ತಂದಾಗ, ಸವರನ್ ಈಗ ಚಲಾವಣೆಯ ಹಣವೇ ಅಲ್ಲ, ಆದ್ದರಿಂದ ಇದು ಖೋಟಾ ಹಣದ ಅಪರಾಧವಾಗದು ಎಂದು 1952ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು! ಬ್ರಿಟನ್ ಎಚ್ಚೆತ್ತು 1957ರಿಂದ ಹೊಸ ಸವರನ್‌ಗಳನ್ನು ಹೊರತಂದಿತು. ಅದಕ್ಕೂ ಮುಂಚೆ, 1949ರಿಂದ 1952ರವರೆಗೆ, ಸ್ವತಃ ಲಂಡನ್ ಟಂಕಸಾಲೆಯೇ 1925 ಎಂಬ ಹಳೆಯ ಇಸವಿ ಹಾಕಿ ಲಕ್ಷಾಂತರ ಸವರನ್ ಮುದ್ರಿಸಿತ್ತು. ಹೀಗಾಗಿ 1925ರದ್ದೆಂದು ಕೈಗೆ ಬಂದ ನಾಣ್ಯ ದೊರೆ ಸತ್ತು ಹದಿಮೂರು ವರ್ಷವಾದ ಮೇಲೆ ಹುಟ್ಟಿದ್ದೂ ಇರಬಹುದು. ನಕಲಿ ಮಾಡುವವರು ಅನೇಕ ಸಲ ಸಿಕ್ಕಿಬೀಳುವುದು ಅವರ ಅಜ್ಞಾನದಿಂದಲೇ. ಪ್ರಿಟೋರಿಯದಲ್ಲಿ ಸವರನ್ ಮುದ್ರಣ ನಡೆದದ್ದು 1923ರಿಂದ 1932ರವರೆಗೆ. ಅದರ ಅಕ್ಷರದ ಜೊತೆ 1915 ಎಂದಿದ್ದರೆ ಆ ನಾಣ್ಯವನ್ನು ಒರೆಗಲ್ಲಿಗೆ ಹಚ್ಚುವ ಅಗತ್ಯವೂ ಇಲ್ಲ.

ನಮ್ಮ ಕಡೆಯ ಮೋಸ ಬೇರೆ ಬಗೆಯದು. ಒಂದು ಬದಿ ರಾಮ, ಸೀತೆ, ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ಒಂದಾಣೆ ಎಂಬ ಬರಹ ಇರುವ ತಾಮ್ರದ ಬಿಲ್ಲೆಗಳನ್ನು ಅನೇಕರು ಕಂಡಿರಬಹುದು. ಅಕ್ಕಿಕಾಳನ್ನು ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂದು ನಂಬಿಸಿ ಊರೂರಲ್ಲಿ ಜನರನ್ನು ಸುಲಿದ ಪ್ರಕರಣಗಳು ಪೊಲೀಸ್ ಠಾಣೆಗಳಲ್ಲಿ ದಾಖಲಾಗಿವೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ತಾನೇ ಹುಟ್ಟುಹಾಕದ ದೇವರ ಬಿಲ್ಲೆಗೆ ಹೆಸರು ಕೊಟ್ಟ ಪಾಪ ಮಾತ್ರ ಅದರ ತಲೆಗೆ ಬಂದಿದೆ. ಹಳೆಯ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಫೋನ್ ಕರೆಗಳಿಗೂ ಬಲಿಯಾದವರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿಕೊಂಡು ಇಂಥ ವಂಚನೆ ನಡೆದದ್ದರಿಂದ, ತಾನು ಹಳೆಯ ನಾಣ್ಯದ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಅದು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು.

ಕಾನೂನಿನ ಮಾತೂ ಒಂದಿಷ್ಟು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮುಂಬಯಿಯ 1918ರ ಸವರನ್ ಈಗ ಆ ಗಡಿ ದಾಟಿದೆ. ಮಣ್ಣಿನಲ್ಲಿ ಹೂತಿದ್ದ ನಾಣ್ಯ ಸಿಕ್ಕರೆ ಅದು ನಿಧಿಯ ಲೆಕ್ಕ. ಸಿಕ್ಕವನು ಸರ್ಕಾರಕ್ಕೆ ತಿಳಿಸಬೇಕು. ಅಜ್ಜಿಯ ಪತ್ತಾಕಿಗೆ ಈ ನಿಧಿಯ ನಿಯಮ ಅನ್ವಯಿಸದು.

ಪವನಿನ ಬದುಕಿನಲ್ಲಿ ಕೆಟ್ಟ ಕಾಲ ಒಂದು ಸಲ ಮಾತ್ರ ಬಂದದ್ದಲ್ಲ. 1920ರಲ್ಲಿ ಸರ್ಕಾರ ಅದರ ಬೆಲೆಯನ್ನು 15ರಿಂದ 10 ರೂಪಾಯಿಗೆ ಇಳಿಸಿತು. 1927ರಲ್ಲಿ ಚಲಾವಣೆಯಿಂದಲೇ ತೆಗೆದು, ಖಜಾನೆಗೆ ತಂದರೆ 13 ರೂಪಾಯಿ 5 ಆಣೆ 4 ಕಾಸು ಕೊಡುವುದಾಗಿ ಹೇಳಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಂಟು ಕಡಿದುಕೊಂಡಾಗ ಚಿನ್ನದ ಬೆಲೆ ಮೇಲೇರಿತು. ಬೆಳೆಗೆ ಬೆಲೆ ಕುಸಿದು ಸಾಲದಲ್ಲಿ ಮುಳುಗಿದ್ದ ದೇಶದ ರೈತರು ಮನೆಯ ಚಿನ್ನ ಮಾರಿದರು. ಹಡಗುಗಟ್ಟಲೆ ಚಿನ್ನ ಮುಂಬಯಿಯಿಂದ ಲಂಡನ್ನಿಗೆ ಹೋಯಿತು. ಅದರಲ್ಲಿ ಯಾವ ಯಾವ ಇಸವಿಯ ಸವರನ್‌ಗಳಿದ್ದವೋ, ಮೂಸೆ ಲೆಕ್ಕ ಇಡುವುದಿಲ್ಲ.

ಈಗಲೂ ಅಷ್ಟೆ. 2019ರ ಆಗಸ್ಟಿನ ಪ್ರವಾಹದಲ್ಲಿ ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು ಕಡೆ ಕಾವೇರಿ ದಡದ ಮನೆಗಳು ನೀರುಪಾಲಾದವು. ಇಂಥ ಹೊತ್ತಿನಲ್ಲಿ ಯಾವ ಊರಿನಲ್ಲಾದರೂ ಮೊದಲು ಅಡವಿಗೆ ಹೋಗುವುದು ಚಿನ್ನ. ಗಿರವಿ ಇಟ್ಟುಕೊಳ್ಳುವವರು ನೋಡುವುದು ತೂಕ ಮತ್ತು ಮಚ್ಚ, ಇಸವಿಯನ್ನಲ್ಲ. ಬಿಡಿಸಿಕೊಳ್ಳಲಾಗದೆ ಹೋದರೆ ಅಥವಾ ಹಳೆಯದನ್ನು ಕೊಟ್ಟು ಹೊಸ ವಿನ್ಯಾಸ ಮಾಡಿಸಿದರೆ, ನಾಣ್ಯ ನೇರ ಮೂಸೆಗೆ ಹೋಗುತ್ತದೆ. 1917 ಆಗಲಿ, 1918 ಆಗಲಿ, ಬೆಂಕಿಗೆ ಎರಡೂ ಒಂದೇ.

ಆದ್ದರಿಂದ ನಾಣ್ಯವಿರುವ ಆಭರಣ ಮನೆಯಿಂದ ಹೊರಗೆ ಹೋಗುವ ಮುನ್ನ ಮಾಡಬಹುದಾದ ಕೆಲಸ ಬಹಳ ಸುಲಭದ್ದು. ಹಿಂಬದಿ ಮುಚ್ಚಿಲ್ಲದಿದ್ದರೆ ಪತ್ತಾಕನ್ನು ಬೋರಲು ಹಾಕಿ, ಓರೆಯಾಗಿ ಬೆಳಕು ಬೀಳುವ ಹಾಗೆ ಕಿಟಕಿಯ ಬಳಿ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಇಸವಿಯನ್ನೂ, ಅದರ ಮೇಲಿನ ಗೆರೆಯಲ್ಲಿ ಅಕ್ಷರವಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಎರಡೂ ಬದಿಯ ಚಿತ್ರ ತೆಗೆದಿಡಬೇಕು. ಮೊಬೈಲಿನ ಕ್ಯಾಮೆರಾ ಸಾಕು. ಅದೂ ಇಲ್ಲದಿದ್ದರೆ ತೆಳುವಾದ ಕಾಗದವನ್ನು ನಾಣ್ಯದ ಮೇಲಿಟ್ಟು ಸೀಸದಕಡ್ಡಿಯಿಂದ ಹಗುರವಾಗಿ ಉಜ್ಜಿದರೆ ಸಂತ ಜಾರ್ಜ್, ಅವನ ಕುದುರೆ, ಕಾಲಡಿಯ ಡ್ರ್ಯಾಗನ್, ಅದರ ಕೆಳಗಿನ ನಾಲ್ಕು ಅಂಕಿಗಳು ಕಾಗದದ ಮೇಲೆ ಮೂಡುತ್ತವೆ. ಶಾಲೆಯ ಮಕ್ಕಳಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.